ಕೈಯಲ್ಲಿ ಮೂರೇ ಚೀಟಿ

ಬೋಳಾರದ ಜಯಪಾಲ ಶೆಟ್ಟರ ಮನೆಯವರಿಗೆ ಎರಡು ಗುಣ ಹುಟ್ಟಿನಿಂದಲೇ ಬಂದದ್ದು. ಬಂದವರಿಗೆ ಹೊಟ್ಟೆ ಬಿರಿಯುವಷ್ಟು ಬಡಿಸುವುದು ಒಂದು. ಯಾರಾದರೂ ಅನ್ಯಾಯ ಮಾಡಿದರೆ ಅದನ್ನು ಸಾಯುವವರೆಗೂ ಮರೆಯದಿರುವುದು ಇನ್ನೊಂದು. ಶೆಟ್ಟರ ಹೋಟೆಲಿನ ಅಡುಗೆಯವನೊಬ್ಬ ಮೂವತ್ತೊಂದು ವರ್ಷದ ಹಿಂದೆ ಒಂದು ಭಾನುವಾರ ಹೇಳದೆ ಕೇಳದೆ ಹೋಗಿ ರಸ್ತೆಯ ಆಚೆ ಬದಿಯಲ್ಲಿ ತನ್ನದೇ ಹೋಟೆಲು ತೆರೆದ. ಅವನು ಅದನ್ನು ಮುಚ್ಚಿ ಹೋಗಿಯೇ ಎಷ್ಟೋ ಕಾಲವಾಯಿತು, ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆದರೂ ಶೆಟ್ಟರು ಇವತ್ತಿಗೂ ಆ ಬದಿಗೆ ಕಾಲಿಡುವುದಿಲ್ಲ. ಎಷ್ಟೇ ಬಿಸಿಲಿರಲಿ, ಈ ಬದಿಯಲ್ಲೇ ನಡೆಯುತ್ತಾರೆ.

ಈ ಶೆಟ್ಟರ ಒಬ್ಬಳೇ ಮಗಳು ವಿನೋದಾ. ವಯಸ್ಸು ನಲವತ್ತಾರು. ಬಿಜೈಯಲ್ಲಿ ಗುಣಪಾಲರ ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ತಂಡಕ್ಕೆ ಮುಖ್ಯಸ್ಥೆ. ಕನ್ನಡಕ, ಹತ್ತಿ ಸೀರೆ, ಮೆತ್ತಗಿನ ಮಾತು. ನೋಡಿದವರು ಪಾಪದ ಹೆಂಗಸು ಎನ್ನಬೇಕು. ಅದೇ ಆಫೀಸಿನ ಕೃಷ್ಣಕಿಶೋರನೂ ಹಾಗೇ ಅಂದುಕೊಂಡ. ಅವನ ಗ್ರಹಚಾರ!

ಶೆಟ್ಟರ ಹೋಟೆಲು ಇದ್ದದ್ದು ಬಿಜೈ ಬಸ್ ನಿಲ್ದಾಣದ ಹತ್ತಿರ. ಶಾಲೆ ಬಿಟ್ಟು ಬಂದ ಹುಡುಗಿ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಬಂದ ಆರ್ಡರಿನ ಚೀಟಿಗಳನ್ನು ಸಾಲಾಗಿ ಮೊಳೆಗೆ ಚುಚ್ಚುವುದು ಅವಳ ಕೆಲಸ. ಒಳಗೆ ಕಾವಲಿಯ ಮೇಲೆ ಒಮ್ಮೆಗೆ ಆರು ದೋಸೆ. ಬಸ್ಸು ಹೊರಡುತ್ತದೆ ಎಂದು ಹೊರಗೆ ಗಿರಾಕಿ ಬೊಬ್ಬೆ ಹೊಡೆದರೂ ಏಳನೆಯದು ಬೀಳುತ್ತಿರಲಿಲ್ಲ. ಏಳನೆಯದು ಹಾಕಿದರೆ ಏಳೂ ಕೆಡುತ್ತವೆ ಎನ್ನುವುದು ಶೆಟ್ಟರ ಲೆಕ್ಕ. ಒಂದು ಎದ್ದರೆ ಮುಂದಿನದು, ಅಷ್ಟೇ. ಆದರೆ ಅದೇ ಶೆಟ್ಟರು ಮದುವೆ ಊಟದ ಆರ್ಡರು ಹಿಡಿದರೆ ಬೇರೆಯೇ ಮನುಷ್ಯ. ಎರಡು ವಾರ ಮೊದಲು ಪಟ್ಟಿ ಗಟ್ಟಿಯಾಗಬೇಕು, ಆಮೇಲೆ ಮದುಮಗಳ ಸೋದರಮಾವನೇ ಬಂದು ಕೈಮುಗಿದರೂ ಒಂದು ಪಾಯಸ ಹೆಚ್ಚಾಗದು. ಎರಡು ಥರದ ಕೆಲಸ, ಎರಡು ಥರದ ಕಟ್ಟು. ಹುಡುಗಿ ಇದನ್ನು ಓದಿ ಕಲಿತದ್ದಲ್ಲ, ಆ ಸ್ಟೂಲಿನ ಮೇಲೆ ಕೂತು ಕಲಿತದ್ದು.

ಹೋಟೆಲು ಮುಚ್ಚಿದ ಮೇಲೆ ವಿನೋದಾ ಗುಣಪಾಲರ ಕಂಪನಿಗೆ ಸೇರಿದಳು. ಹೋಟೆಲುಗಳ ಬಿಲ್ಲು, ದೇವಸ್ಥಾನಗಳ ಸೇವಾ ರಶೀದಿ, ಕಲ್ಯಾಣ ಮಂಟಪಗಳ ಬುಕಿಂಗ್ ಇವಕ್ಕೆಲ್ಲ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಆಗ ಅಲ್ಲಿ ಎಲ್ಲ ಕಲಸುಮೇಲೋಗರ. ಹೊಸ ಆ್ಯಪ್ ಬರೆಯುತ್ತಿದ್ದವನನ್ನು ಎಬ್ಬಿಸಿ ಫೋನಿಗೆ ಕೂರಿಸುವುದು, ಫೋನಿನಲ್ಲಿದ್ದವಳನ್ನು ಎಬ್ಬಿಸಿ ಉಡುಪಿಗೆ ಓಡಿಸುವುದು. ಯಾವ ಕೆಲಸವೂ ಮುಗಿಯುತ್ತಿರಲಿಲ್ಲ, ಬೈಗುಳ ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿತ್ತು.

ವಿನೋದಾ ಮೂರು ತಂಡಗಳಿಗೆ ಮೂರು ಪದ್ಧತಿ ಮಾಡಿದಳು. ಆ್ಯಪ್ ಬರೆಯುವವರಿಗೆ ಎರಡೆರಡು ವಾರದ ಸ್ಪ್ರಿಂಟ್: ಸೋಮವಾರ ಕೂತು ಪಟ್ಟಿ ಮಾಡಿದರೆ ಎರಡು ವಾರ ಯಾರೂ ಅವರ ತಂಟೆಗೆ ಹೋಗುವಂತಿಲ್ಲ. ಅದು ಮದುವೆ ಊಟ. ಊರೂರಿಗೆ ಹೋಗಿ ಮೆಷಿನ್ನು ಜೋಡಿಸುವ ಇಬ್ಬರಿಗೆ ವಾರದ ಪಟ್ಟಿ, ಆದರೆ ತುರ್ತಿಗೆಂದು ಒಂದು ದಿನ ಖಾಲಿ. ತನ್ನ ಸಪೋರ್ಟ್ ತಂಡಕ್ಕೆ ಗೋಡೆಯ ಮೇಲೆ ಒಂದು ಬಿಳಿ ಬೋರ್ಡು. ಅದರಲ್ಲಿ ಅಕ್ಕಪಕ್ಕ ಮೂರು ಸಾಲು: ಬಾಕಿ, ಕೈಯಲ್ಲಿ, ಮುಗಿದದ್ದು. ಬಂದ ದೂರೆಲ್ಲ ಚೀಟಿಯಾಗಿ ‘ಬಾಕಿ’ಗೆ ಹೋಗುತ್ತದೆ, ಯಾರಿಗೆ ಎಷ್ಟು ಹೊತ್ತಿಗೆ ಬೇಕು ಎಂಬುದರ ಮೇಲೆ ಸರದಿ. ‘ಕೈಯಲ್ಲಿ’ ಮೂರೇ ಚೀಟಿ. ಒಂದು ಮುಗಿದರೆ ಮಾತ್ರ ಮುಂದಿನದು. ತಿಳಿದವರು ಇದಕ್ಕೆ ಕಾನ್‌ಬಾನ್ ಎನ್ನುತ್ತಾರೆ. ವಿನೋದಾಳಿಗೆ ಅದು ಅಪ್ಪನ ಕಾವಲಿ. ಬೆಳಿಗ್ಗೆ ಕೊಟ್ಟ ದೂರು ಸಂಜೆಯೊಳಗೆ ಸರಿಯಾಗುತ್ತದೆ ಎಂಬ ಹೆಸರು ಕಂಪನಿಗೆ ಬಂತು. ಆಯುಧ ಪೂಜೆಯ ದಿನ ಎಲ್ಲರೂ ಕಂಪ್ಯೂಟರಿಗೆ ಹೂವಿಟ್ಟರೆ, ತಂಡದಲ್ಲಿ ಫೋನು ಎತ್ತುವ ಮಗ್ದಲೀನ್ ಆ ಬೋರ್ಡಿಗೂ ಒಂದು ಮೊಳ ಸೇವಂತಿಗೆ ತಂದಳು. ವಿನೋದಾ ಮೂಲೆಯಲ್ಲಿ ಕುಂಕುಮ ಇಟ್ಟಳು.

ಕೃಷ್ಣಕಿಶೋರ್ ಕಂಪನಿಗೆ ಬಂದದ್ದು ಆಮೇಲೆ, ಎರಡು ವರ್ಷದ ಹಿಂದೆ. ಮೂವತ್ತೆಂಟರ ಪ್ರಾಯ, ಅರ್ಚಕರ ಮಗ, ಒಳ್ಳೆಯ ಮಾತುಗಾರ. ಇಂಥದ್ದೊಂದು ಪದ್ಧತಿ ಇದೆ ಎಂದು ವಿನೋದಾ ಒಂಬತ್ತು ಪುಟದ ಟಿಪ್ಪಣಿ ಬರೆದಿಟ್ಟಿದ್ದಳು. ಯಾವ ತಂಡಕ್ಕೆ ಯಾವ ಕಟ್ಟು, ಯಾಕೆ, ಎಲ್ಲಿ ಎಡವುತ್ತದೆ, ಎಲ್ಲವೂ ಅದರಲ್ಲಿತ್ತು. ಕಾವಲಿಯ ಕತೆಯೂ ಇತ್ತು.

“ಮೇಡಂ, ಆ ನೋಟ್ ಒಮ್ಮೆ ಕೊಡ್ತೀರಾ? ಓದಿ ವಾಪಸ್ ಕಳಿಸ್ತೇನೆ” ಎಂದ. ಪಾಪ, ಕಲಿಯುವ ಆಸೆ ಉಂಟು ಎಂದು ಇವಳು ಕೊಟ್ಟಳು.

ಒಂದು ತಿಂಗಳಿಗೆ ಕಂಪನಿಯ ವಾರ್ಷಿಕ ಸಭೆ. ಕೃಷ್ಣಕಿಶೋರ್ ಮೈಕು ಹಿಡಿದು ನಿಂತ. ಪರದೆಯ ಮೇಲೆ ಒಂಬತ್ತು ಪುಟವೂ ಬಂತು, ಬಣ್ಣ ಬಳಿದುಕೊಂಡು. ಮೊದಲ ಪುಟದಲ್ಲಿ ವಿನೋದಾ ಜೆ. ಶೆಟ್ಟಿ ಎಂದು ಇದ್ದ ಜಾಗದಲ್ಲಿ ಅವನ ಹೆಸರು. ಅದನ್ನೂ ಸಹಿಸಬಹುದಿತ್ತೋ ಏನೋ. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ: “ನಾನು ಸಣ್ಣವನಿರುವಾಗ ನಮ್ಮ ಮನೆಯ ಹತ್ತಿರ ಒಂದು ಹೋಟೆಲ್ ಇತ್ತು. ಅಲ್ಲಿ ಕಾವಲಿಯಲ್ಲಿ ಆರೇ ದೋಸೆ. ನಾನು ಕಿಟಕಿಯಲ್ಲಿ ನೋಡ್ತಾ ನಿಲ್ತಿದ್ದೆ...”

ವಿನೋದಾಳ ಮೈ ಉರಿದುಹೋಯಿತು. ಅಲ್ಲ, ಕೆಲಸ ಕದಿಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅಪ್ಪನ ಕಾವಲಿಯನ್ನೂ, ಅವಳು ಕೂತ ಸ್ಟೂಲನ್ನೂ, ಅವಳ ಬಾಲ್ಯವನ್ನೂ ಎತ್ತಿಕೊಂಡು ಹೋಗುವ ನಾಚಿಕೆಗೆಟ್ಟವನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕೆಲಸ ಆದರೆ ಸಾಕು, ಪದ್ಧತಿ ಯಾರದೆಂದು ಎಂದೂ ಕೇಳದ ಗುಣಪಾಲರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರ ಧ್ವನಿ ಮೊದಲೇ ಗಂಟೆ ಹೊಡೆದ ಹಾಗೆ. “ಎಂಥಾ ಕತೆ ಮಾರಾಯ! ದೋಸೆಯಿಂದ ಮ್ಯಾನೇಜ್‌ಮೆಂಟ್!” ಎಂದರು. ಮುಂದಿನ ತಿಂಗಳೇ ಕೃಷ್ಣಕಿಶೋರ್ ಮೂರೂ ತಂಡಗಳ ಮೇಲಿನ ಅಧಿಕಾರಿಯಾದ. ವಿನೋದಾ ಅವತ್ತು ಬಾಯಿ ಬಿಡಲಿಲ್ಲ. ಜಗಳ ಆಡಿದರೆ ಅವಳೇ ಹೊಟ್ಟೆಕಿಚ್ಚಿನವಳಾಗುತ್ತಾಳೆ ಎಂಬುದು ಗೊತ್ತಿತ್ತು. ಆದರೆ ಒಂದು ನಿಶ್ಚಯ ಮಾಡಿಕೊಂಡಳು: ಇವನು ಅಳಿಸಿದ ಹೆಸರನ್ನು ಇವನ ಬಾಯಿಂದಲೇ, ಇದೇ ಗುಣಪಾಲರ ಎದುರು, ಹೇಳಿಸಬೇಕು. ಅಲ್ಲಿಯವರೆಗೆ ನೆಮ್ಮದಿ ಇಲ್ಲ.

ಕದ್ದವನಿಗೆ ಕದ್ದ ಮಾಲು ಏನೆಂದು ಅರ್ಥವಾಗಬೇಕಲ್ಲ? ಈ ಜೂನ್ ತಿಂಗಳಲ್ಲಿ ಅವನು ಎಲ್ಲೋ ನಾಲ್ಕು ದಿನದ ತರಬೇತಿ ಮುಗಿಸಿ ಒಂದು ಸರ್ಟಿಫಿಕೇಟ್ ಹಿಡಿದುಕೊಂಡು ಬಂದ. ಮೂರು ತಂಡಕ್ಕೆ ಮೂರು ಪದ್ಧತಿ ಇದ್ದರೆ ವರದಿ ಚಂದ ಬರುವುದಿಲ್ಲವಂತೆ. ಇನ್ನು ಮೇಲೆ ಎಲ್ಲರಿಗೂ ಒಂದೇ, ಎರಡು ವಾರದ ಸ್ಪ್ರಿಂಟ್. ಸಪೋರ್ಟಿಗೂ! ಈಮೇಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದ: ‘ಸ್ಪ್ರಿಂಟ್ ಶುರುವಾದ ಮೇಲೆ ನಡುವಿನಲ್ಲಿ ಯಾವ ಹೊಸ ಕೆಲಸವನ್ನೂ ತೆಗೆದುಕೊಳ್ಳಬಾರದು. ಯಾರು ಕೇಳಿದರೂ ಸರಿ. ಅಪವಾದವಿಲ್ಲ.’

“ಸರ್, ಹೋಟೆಲಿನವರ ಪ್ರಿಂಟರ್ ಹಾಳಾಗುವುದು ಸೋಮವಾರ ನೋಡಿಕೊಂಡಲ್ಲ” ಎಂದಳು ವಿನೋದಾ.

“ಮೇಡಂ, ನೀವು ಸ್ವಲ್ಪ ಹಳೇ ಕಾಲದವರು. ಪ್ರೊಸೆಸ್ ಅಂದ್ರೆ ಪ್ರೊಸೆಸ್” ಎಂದು ನಕ್ಕ. ಬೋರ್ಡನ್ನು ಗೋಡೆಯಿಂದ ತಾನೇ ಕಿತ್ತ. ಮೂಲೆಯಲ್ಲಿ ಹಿಂದಿನ ಆಯುಧ ಪೂಜೆಯ ಕುಂಕುಮ ಇನ್ನೂ ಇತ್ತು. ಅರ್ಚಕರ ಮಗನಿಗೆ ಅದು ಕಾಣಲಿಲ್ಲ. ಎಸೆಯಲು ಹೇಳಿ ಹೋದ. ಮಗ್ದಲೀನ್ ಅದನ್ನು ನೀರಿನ ಕ್ಯಾನುಗಳ ಹಿಂದೆ ಅಡಗಿಸಿಟ್ಟಳು.

ಮೂರು ತಿಂಗಳು ವಿನೋದಾ ಮತ್ತು ಮಗ್ದಲೀನ್ ಕದ್ದುಮುಚ್ಚಿ ಕೆಲಸ ಮಾಡಿದರು. ಪಟ್ಟಿಯಲ್ಲಿ ಬರೆದದ್ದು ಒಂದು, ಫೋನಿನಲ್ಲಿ ಅತ್ತವರಿಗಾಗಿ ಮಾಡಿದ್ದು ಇನ್ನೊಂದು. ಊಟದ ಹೊತ್ತಿನಲ್ಲಿ, ಮನೆಗೆ ಹೋಗುವ ಮೊದಲು, ಯಾವ ಲೆಕ್ಕಕ್ಕೂ ಬಾರದ ಹಾಗೆ. ಹಾಗಾಗಿ ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಸೆಪ್ಟೆಂಬರಿನಲ್ಲಿ ಕೃಷ್ಣಕಿಶೋರ್ ವರದಿ ಬರೆದ: ‘ವಿನೋದಾ ಅವರ ತಂಡ ಒಪ್ಪಿದ ಹತ್ತರಲ್ಲಿ ಆರು ಕೆಲಸ ಮಾತ್ರ ಮುಗಿಸಿದೆ. ಶಿಸ್ತಿನ ಕೊರತೆ.’

ಅವತ್ತು ಸಂಜೆ ಬೋಳಾರದ ಮನೆಯ ಜಗಲಿಯಲ್ಲಿ ಕೂತು ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಕಾವಲಿ ಕದ್ದ ಕತೆಯನ್ನು ಎರಡು ವರ್ಷ ಮುಚ್ಚಿಟ್ಟಿದ್ದಳು, ಅದನ್ನೂ ಹೇಳಿದಳು. ಜಯಪಾಲ ಶೆಟ್ಟರಿಗೆ ಎಪ್ಪತ್ತೆಂಟು. ಚಹಾದ ಲೋಟ ಕೆಳಗಿಟ್ಟರು.

“ಅವನು ಹೋಟೆಲಿನ ಕಿಟಕಿಯಲ್ಲಿ ನಿಂತು ನೋಡಿದ್ದನಂತಾ?”

“ಹೌದಪ್ಪ. ಹಾಗೆ ಹೇಳಿದ. ಎಲ್ಲರೆದುರು.”

ಶೆಟ್ಟರು ಲೋಟವನ್ನು ಇನ್ನಷ್ಟು ದೂರ ಸರಿಸಿದರು. ಅವರ ಕಿವಿ ಕೆಂಪಾಗಿತ್ತು. “ನೀನು ಅವನ ಮಾನ ಕಾಯ್ತಾ ಇದ್ದೀ ಮಗಾ. ಅವನು ಹಾಕಿದ ನಿಯಮ ಹಾಳು ಅಂತ ಯಾರಿಗೂ ಗೊತ್ತಾಗದ ಹಾಗೆ ನೀನೇ ಹಿಂದಿನಿಂದ ಹಿಡಿದುಕೊಂಡಿದ್ದೀ. ಬಿಟ್ಟುಬಿಡು. ಅವನು ಎಂತ ಹೇಳಿದ್ದಾನೋ ಅಷ್ಟೇ ಮಾಡು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.”

ವಿನೋದಾ ಅಪ್ಪನ ಮುಖ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಹಸಿವಾಯಿತು.

ಹೊಸ ಸ್ಪ್ರಿಂಟ್ ಶುರುವಾದದ್ದು ಸೋಮವಾರ, ನವರಾತ್ರಿಯ ಮೊದಲ ದಿನ. ಊರಿನ ಹೋಟೆಲು, ದೇವಸ್ಥಾನ, ಮಂಟಪ ಎಲ್ಲಕ್ಕೂ ಉಸಿರಾಡಲು ಪುರುಸೊತ್ತಿಲ್ಲದ ಹತ್ತು ದಿನ. ವಿನೋದಾ ಹತ್ತು ಕೆಲಸ ಪಟ್ಟಿ ಮಾಡಿದಳು. ತಂಡದವರಿಗೆ ಹೇಳಿದಳು: “ಇಷ್ಟೇ. ಬೇರೆ ಎಂತದ್ದೂ ಮುಟ್ಟಲಿಕ್ಕಿಲ್ಲ.” ಮಗ್ದಲೀನಳಿಗೆ ಒಂದು ಕಾಗದದಲ್ಲಿ ಉತ್ತರ ಬರೆದುಕೊಟ್ಟಳು. ಮಗ್ದಲೀನ್ ಓದಿ ಶಿಲುಬೆಯ ಗುರುತು ಹಾಕಿಕೊಂಡಳು.

“ಸಾಯ್ಬಾ, ದೇವರೇ! ವಿನೋದಕ್ಕ, ಇದು ಹೇಳಿದ್ರೆ ಕಿಶೋರ್ ಸರ್ ಸುಟ್ಟು ಹೋಗ್ತಾರೆ.”

“ಹೋಗ್ಲಿ.”

ಮಂಗಳವಾರ ಬೆಳಿಗ್ಗೆಯಿಂದ ಮಗ್ದಲೀನ್ ತನ್ನ ಜೇನಿನಂಥ ದನಿಯಲ್ಲಿ ಅದನ್ನೇ ಹೇಳತೊಡಗಿದಳು: “ನಿಮ್ಮ ದೂರು ಬರೆದುಕೊಂಡಿದ್ದೇವೆ. ಅಕ್ಟೋಬರ್ ಆರನೇ ತಾರೀಕು ಸೋಮವಾರ ಪ್ಲಾನಿಂಗ್ ಉಂಟು, ಆಗ ತೆಗೆದುಕೊಳ್ತೇವೆ. ಇಲ್ಲ, ಮೊದಲು ಆಗುವುದಿಲ್ಲ, ನಿಯಮ ಹಾಗುಂಟು. ನಿಯಮ ಮಾಡಿದವರ ನಂಬರ್ ಕೊಡ್ಲಾ?”

ಕೃಷ್ಣಕಿಶೋರನ ಫೋನು ಆ ದಿನ ಒಂದು ಕ್ಷಣ ಬಾಯಿ ಮುಚ್ಚಲಿಲ್ಲ. ಸುರತ್ಕಲ್ಲಿನಲ್ಲಿ ಹೋಟೆಲು ನಡೆಸುವ ನಬೀಸಾ ಅವರೊಬ್ಬರೇ ಒಂಬತ್ತು ಸಲ ಮಾಡಿದರು. ಮಧ್ಯಾಹ್ನ ಅವನು ವಿನೋದಾಳ ಮೇಜಿನ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದ: “ಮೇಡಂ, ಇದೆಂತ? ಎಲ್ಲರಿಗೂ ನನ್ನ ನಂಬರ್ ಯಾಕೆ?”

“ಅಪವಾದವಿಲ್ಲ ಅಂತ ನೀವೇ ಬರೆದದ್ದಲ್ವಾ ಸರ್? ನನಗೆ ಶಿಸ್ತಿನ ಕೊರತೆ ಇತ್ತು. ಈಗ ಸರಿ ಮಾಡಿಕೊಳ್ತಾ ಇದ್ದೇನೆ.”

ಅವನಿಗೆ ತನ್ನ ನಿಯಮ ತಪ್ಪು ಎನ್ನಲು ನಾಲಿಗೆ ಏಳಲಿಲ್ಲ. ಗುರುತಿಲ್ಲದ ನಂಬರುಗಳನ್ನೆಲ್ಲ ಕತ್ತರಿಸತೊಡಗಿದ. ಅದನ್ನು ಕಂಡು ವಿನೋದಾಳಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಕ್ಯಾಂಟೀನಿನಿಂದ ಇಡೀ ತಂಡಕ್ಕೆ ಗೋಳಿಬಜೆ ತರಿಸಿದಳು.

ಅದೇ ಮಂಗಳವಾರದ ಚೀಟಿಗಳಲ್ಲಿ ಒಂದು ದೇವಸ್ಥಾನದ್ದು. ಅಲ್ಲಿಯ ಗುಮಾಸ್ತರು ಹೇಳಿದ್ದಿಷ್ಟು: ಗುರುವಾರದಿಂದ ಸಾಮೂಹಿಕ ಪೂಜೆ ಶುರು. ಸೇವೆ ಮಾಡಿಸಿದವರ ಪಟ್ಟಿ ತೆಗೆದರೆ ಹೋದ ವರ್ಷದ ಹೆಸರುಗಳು ಬರುತ್ತಿವೆ. ಆ ದೇವಸ್ಥಾನದ ಅರ್ಚಕರು ರಾಧಾಕೃಷ್ಣ ಭಟ್ಟರು, ಕೃಷ್ಣಕಿಶೋರನ ತಂದೆ. ವಿನೋದಾಳಿಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ನಿಮಿಷದ ಕೆಲಸ, ಎಲ್ಲಿ ಕೆಟ್ಟಿದೆ ಎಂದು ಓದುವಾಗಲೇ ಹೊಳೆದಿತ್ತು. ಕೈ ಕೀಬೋರ್ಡಿನ ಮೇಲೆಯೇ ಇತ್ತು. ಅವಳು ಕೈ ತೆಗೆದಳು. ಎಲ್ಲರಿಗೆ ಕೊಟ್ಟ ಉತ್ತರವನ್ನೇ ಗುಮಾಸ್ತರಿಗೂ ಕೊಡಿಸಿದಳು. ಗುಮಾಸ್ತರು ಕೃಷ್ಣಕಿಶೋರನಿಗೆ ಎರಡು ಸಲ ಫೋನು ಮಾಡಿದರು. ಗುರುತಿಲ್ಲದ ನಂಬರು, ಎರಡು ಸಲವೂ ಕತ್ತರಿಸಿದ.

ಗುರುವಾರ ಬೆಳಿಗ್ಗೆ ಗುಮಾಸ್ತರು ಪಟ್ಟಿಯ ಪ್ರಿಂಟು ತೆಗೆದು ನೋಡದೆಯೇ ಭಟ್ಟರ ಕೈಗಿತ್ತರು. ಬಿಜೈಯವರು ಬಾಯಲ್ಲಿ ಆರನೇ ತಾರೀಕು ಅಂದರೂ, ದೂರು ಕೊಟ್ಟ ದಿನವೇ ಸಂಜೆಯೊಳಗೆ ಸರಿಮಾಡಿರುತ್ತಾರೆ ಎಂದು ಅವರ ನಂಬಿಕೆ. ಎಷ್ಟೋ ವರ್ಷದ ರೂಢಿ ಅದು. ವಿನೋದಾಳೇ ಮಾಡಿಸಿದ ರೂಢಿ. ಭಟ್ಟರಿಗೆ ಎಪ್ಪತ್ತಮೂರು, ಕಿವಿ ಮಂದ, ಆದ್ದರಿಂದ ಓದುವುದು ಬಲು ಜೋರು. ಸಂಕಲ್ಪದಲ್ಲಿ ಒಬ್ಬೊಬ್ಬರದೇ ಹೆಸರು, ನಕ್ಷತ್ರ ಹೇಳಿ ಆಯುರಾರೋಗ್ಯ ಬೇಡುತ್ತಾ ಹೋದರು. ಮೇ ತಿಂಗಳಿನಲ್ಲಿ ತೀರಿಹೋದ ಒಬ್ಬರಿಗೆ ನೂರು ವರ್ಷ ಆಯುಸ್ಸು ಕೇಳಿದರು. ಅವರ ಹೆಂಡತಿ ಮಗನ ಹೆಸರಿನ ರಶೀದಿ ಹಿಡಿದುಕೊಂಡು ಎದುರಿಗೇ ನಿಂತಿದ್ದರು. ಆ ಹೆಂಗಸು ಅಲ್ಲೇ ಕುಸಿದು ಅತ್ತರು. ಜನ ಗುಜುಗುಜು ಎಂದರು. ನಲವತ್ತು ವರ್ಷ ಒಂದು ಹೆಸರು ತಪ್ಪದ ಮುದುಕರು ಪಟ್ಟಿ ಕೆಳಗಿಟ್ಟು ಒಳಗೆ ಹೋದರಂತೆ.

ಹತ್ತೂವರೆಗೆ ಕೃಷ್ಣಕಿಶೋರ್ ಓಡಿಕೊಂಡೇ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಅವನ ಹಿಂದೆ ಗುಣಪಾಲರು. ಅವರಿಗೂ ಆ ಹೊತ್ತಿಗೆ ಆರು ಗಿರಾಕಿಗಳ ಫೋನು ಬಂದಿತ್ತು.

“ಮೇಡಂ, ಅಪ್ಪನ ದೇವಸ್ಥಾನದ್ದು. ಸಂಜೆ ಆರೂವರೆಗೆ ಮತ್ತೆ ಪೂಜೆ ಉಂಟು, ಮುನ್ನೂರು ಹೆಸರು. ಪ್ಲೀಸ್, ಈಗಲೇ ನೋಡಿ.” ಅವನು ಬೆಳಗಿನ ಕತೆಯನ್ನು ಹೇಳಿದ.

ಆ ಹೆಂಗಸು ಅತ್ತದ್ದು ಕೇಳಿ ವಿನೋದಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಆ ಮುದುಕರಿಗೂ ಹಾಗಾಗಬಾರದಿತ್ತು. ಅದು ತನ್ನ ಕೈಯಿಂದಲೂ ಆದದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತು, ಇವತ್ತಿಗೂ ಗೊತ್ತು. ಆದರೆ ಎದುರಿಗೆ ನಿಂತವನ ಮುಖ ನೋಡಿದಳು. ಮೈಕು ಹಿಡಿದು ‘ನಾನು ಸಣ್ಣವನಿರುವಾಗ’ ಎಂದ ಅದೇ ಬಾಯಿ. ಕರುಣೆ ಅಲ್ಲಿಗೇ ನಿಂತಿತು.

“ಮುಂದಿನ ಪ್ಲಾನಿಂಗ್ ಆರನೇ ತಾರೀಕು ಸರ್. ಇನ್ನು ಹನ್ನೊಂದು ದಿನ.”

“ಅಷ್ಟರಲ್ಲಿ ವಿಜಯದಶಮಿಯೂ ಮುಗಿದಿರ್ತದಲ್ಲ ಮೇಡಂ!”

“ಮುಗಿದಿರ್ತದೆ. ಪ್ರೊಸೆಸ್ ಅಂದ್ರೆ ಪ್ರೊಸೆಸ್.”

ಗುಣಪಾಲರ ಧ್ವನಿ ಇಡೀ ಮಹಡಿಗೆ ಕೇಳಿತು. “ಎಂತ ನಾಟಕ ಇದು? ವಿನೋದಾ, ಮೊದಲೆಲ್ಲ ಸಂಜೆಯೊಳಗೆ ಆಗ್ತಿತ್ತಲ್ಲ?”

“ಆಗ್ತಿತ್ತು ಸರ್. ಬೋರ್ಡ್ ಇರುವಾಗ. ಕೃಷ್ಣಕಿಶೋರ್ ಸರ್ ತೆಗೆದರು. ಬೇಕಾದರೆ ಅದನ್ನು ಅವರೇ ವಾಪಸ್ ಹಾಕ್ಲಿ. ಆ ಪದ್ಧತಿಯಲ್ಲಿ ಇವತ್ತಿನದ್ದು ಇವತ್ತೇ ಆಗ್ತದೆ.”

ಆಮೇಲಿನದ್ದನ್ನು ನೋಡಲು ಆ್ಯಪ್ ತಂಡದವರೂ ಕುರ್ಚಿ ಬಿಟ್ಟು ಎದ್ದು ಬಂದರು. ಕೃಷ್ಣಕಿಶೋರ್ ನೀರಿನ ಕ್ಯಾನುಗಳನ್ನು ಒಂದೊಂದೇ ಸರಿಸಿ ಬೋರ್ಡು ಹೊರತೆಗೆದ. ಇಸ್ತ್ರಿ ಮಾಡಿದ ಅಂಗಿಯ ತೋಳಿನಿಂದಲೇ ಧೂಳು ಒರೆಸಿದ. ಕುಂಕುಮ ಅಳಿಯದ ಹಾಗೆ ಒರೆಸಲು ವಿನೋದಾ ಹೇಳಿದಳು. ಅವನು ಸ್ಟೂಲು ಹತ್ತಿ, ಹಳೆಯ ಮೊಳೆಗಳನ್ನೇ ಹುಡುಕಿ ಅದನ್ನು ತೂಗುಹಾಕಿದ.

ಮಗ್ದಲೀನ್ ಎರಡು ದಿನದ ಚೀಟಿಗಳನ್ನೆಲ್ಲ ತಂದಳು. ವಿನೋದಾ ಅವನ್ನು ಹೊತ್ತಿನ ಪ್ರಕಾರ ‘ಬಾಕಿ’ಯಲ್ಲಿ ಜೋಡಿಸಿದಳು. ಕೃಷ್ಣಕಿಶೋರ್ ತನ್ನ ಚೀಟಿಯನ್ನು ಸೀದಾ ‘ಕೈಯಲ್ಲಿ’ ಸಾಲಿಗೆ ಅಂಟಿಸಲು ಹೋದ.

“ಅಲ್ಲಿ ಅಲ್ಲ ಸರ್. ನಬೀಸಾ ಅವರಿಗೆ ಹನ್ನೆರಡೂವರೆಗೆ ಊಟದ ಗಲಾಟೆ ಶುರು, ಅವರದ್ದು ಮೊದಲು. ಮಂಟಪದವರಿಗೆ ಎರಡು ಗಂಟೆಗೆ ಬೇಕು. ನಿಮ್ಮ ತಂದೆಯವರಿಗೆ ಆರೂವರೆಗೆ. ನಿಮ್ಮ ಮುಂದೆ ಏಳು ಜನ ಇದ್ದಾರೆ. ಕೈಯಲ್ಲಿ ಮೂರೇ ಚೀಟಿ.” ಆಮೇಲೆ ಸೇರಿಸಿದಳು: “ಕಾವಲಿಯಲ್ಲಿ ಆರೇ ದೋಸೆ. ಈ ಕತೆ ನಿಮಗೆ ಗೊತ್ತುಂಟಲ್ವಾ?”

ಅವನು ಬೋರ್ಡಿನ ಎದುರು ನಿಂತೇ ಇದ್ದ. ಒಂದೊಂದು ಚೀಟಿ ‘ಮುಗಿದದ್ದು’ ಸಾಲಿಗೆ ಹೋದಾಗಲೂ ಅವನದ್ದು ಒಂದು ಗೇಣು ಮೇಲೇರಿತು. ಊಟಕ್ಕೂ ಹೋಗಲಿಲ್ಲ. ಗುಣಪಾಲರು ಒಂದು ಕುರ್ಚಿ ಎಳೆದುಕೊಂಡು ಕೂತು ಎಲ್ಲ ನೋಡುತ್ತಿದ್ದರು. ಮೂರು ಗಂಟೆಗೆ ಅವರಿಗೆ ಬರುತ್ತಿದ್ದ ಫೋನುಗಳು ನಿಂತವು. ವಿನೋದಾ ಅವಸರ ಮಾಡಲಿಲ್ಲ, ಬೇಕೆಂದು ತಡವನ್ನೂ ಮಾಡಲಿಲ್ಲ. ಸರದಿ ಬಂದ ಕೂಡಲೇ ದೇವಸ್ಥಾನದ ಚೀಟಿಯನ್ನು ತಾನೇ ತೆಗೆದುಕೊಂಡಳು. ಹತ್ತು ನಿಮಿಷ ಸಾಕಾಯಿತು.

ಮಗ್ದಲೀನ್ ದೇವಸ್ಥಾನಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಗುಮಾಸ್ತರು ಪ್ರಿಂಟು ತೆಗೆದರು. ಕಾಗದ ಹೊರಬರುವ ಸದ್ದು ಇಲ್ಲಿಗೂ ಕೇಳಿತು. ಮುನ್ನೂರ ಹನ್ನೆರಡು ಹೆಸರು, ಎಲ್ಲ ಈ ವರ್ಷದ್ದು. ಅಷ್ಟರಲ್ಲಿ ಫೋನು ಭಟ್ಟರ ಕೈಗೆ ಹೋಯಿತು.

“ಕಿಶೋರಾ, ಸರಿಯಾಯ್ತು. ಈಗ ಮೇಲಿಂದ ಕೆಳಗೆ ಕಣ್ಣು ಹಾಯಿಸಿದೆ. ಯಾರು ಮಾಡಿಕೊಟ್ಟದ್ದು? ಅವರ ಹೆಸರು, ನಕ್ಷತ್ರ ಹೇಳು. ಇವತ್ತು ಸಂಕಲ್ಪದಲ್ಲಿ ಮೊದಲು ಅವರದ್ದೇ ಹೇಳ್ತೇನೆ. ನನ್ನ ಮಾನ ಉಳಿಸಿದ್ದಾರೆ.”

ಕೃಷ್ಣಕಿಶೋರ್ ಫೋನಿನ ಕಡೆ ಬಾಗಿದ. “ನಮ್ಮ ಟೀಮ್ ಅಪ್ಪಾ.”

“ಆಂ? ಟೀಮಿಗೆ ನಕ್ಷತ್ರ ಇರ್ತದಾ ಮಾರಾಯ? ಹೆಸರು ಹೇಳು.”

ವಿನೋದಾ ಕೈಕಟ್ಟಿ ಕೂತಿದ್ದಳು. ಎರಡು ವರ್ಷ ಕಾದ ಕ್ಷಣ ಇದೇ.

“ವಿನೋದಾ” ಎಂದ ಅವನು, ಗಂಟಲಿನಲ್ಲೇ.

“ಕೇಳುವುದಿಲ್ಲ!”

“ಜೋರಾಗಿ ಹೇಳಿ ಸರ್” ಎಂದಳು ವಿನೋದಾ. “ಪಾಪ, ಹಿರಿಯರಿಗೆ ಕೇಳುವುದಿಲ್ಲ.”

“ವಿನೋದಾ!”

“ಸ್ವಲ್ಪ ಗಟ್ಟಿಯಾಗಿ ಹೇಳು, ಬರೆದುಕೊಳ್ಳಬೇಕು!”

“ವಿನೋದಾ ಶೆಟ್ಟಿ! ಜಯಪಾಲ ಶೆಟ್ಟರ ಮಗಳು!” ಅವನು ಕಿರುಚಿದ. ಕೆಳಗಿನ ಮಹಡಿಯ ದಂತವೈದ್ಯರ ಕ್ಲಿನಿಕ್ಕಿನಿಂದ ಒಬ್ಬಳು ಮೆಟ್ಟಿಲು ಹತ್ತಿ ಬಂದು ಇಣುಕಿ ಹೋದಳು. “ಎಲ್ಲ ಅವರದ್ದೇ ಕೆಲಸ ಅಪ್ಪಾ! ಅವರದ್ದೇ ಪದ್ಧತಿ!”

“ನಕ್ಷತ್ರ?”

“ವಿಶಾಖಾ” ಎಂದಳು ವಿನೋದಾ. ಅದನ್ನೂ ಅವನೇ ಎರಡು ಸಲ ಕೂಗಿ ಹೇಳಬೇಕಾಯಿತು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಗುಣಪಾಲರು ಎದ್ದು ಬಂದು ಫೋನಿನ ಮುಂದೆ ನಿಂತರು. ಅವರ ಗಂಟಲು ಭಟ್ಟರಿಗೆ ಒಂದೇ ಸಲಕ್ಕೆ ಕೇಳಿತು.

“ಭಟ್ರೇ, ನಾನು ಗುಣಪಾಲ. ಒಂದು ವಿಷಯ ಕೇಳ್ಬೇ‌ಕಿತ್ತು. ನಿಮ್ಮ ಮನೆಯ ಹತ್ತಿರ ಒಂದು ಹೋಟೆಲ್ ಇತ್ತಂತಲ್ಲ? ಕಿಶೋರ್ ಸಣ್ಣವನಿರುವಾಗ ಅಲ್ಲಿ ದೋಸೆ ಹೊಯ್ಯುವುದನ್ನು ನೋಡ್ತಾ ನಿಲ್ತಿದ್ದನಂತೆ?”

“ಹೋಟೆಲಾ? ಯಾವ ಹೋಟೆಲು?” ಭಟ್ಟರಿಗೆ ನಗು ಬಂತು. “ನಮ್ಮ ಮನೆ ಹತ್ತಿರ ದೇವಸ್ಥಾನದ ಕೆರೆ ಬಿಟ್ರೆ ಎಂತದ್ದೂ ಇಲ್ಲ. ಹೋಟೆಲಿನ ಹೊಸ್ತಿಲು ತುಳಿಯಲಿಕ್ಕೆ ಅವನನ್ನು ನಾನು ಬಿಟ್ಟವನೇ ಅಲ್ಲ. ಯಾರು ಹೇಳಿದ್ದು ನಿಮಗೆ ಇದು?”

ಗುಣಪಾಲರು ಫೋನು ಇಟ್ಟರು. ಕೃಷ್ಣಕಿಶೋರನನ್ನು ನೋಡಿದರು. ಆಮೇಲೆ ಗೋಡೆಯ ಬೋರ್ಡನ್ನು, ಕೊನೆಗೆ ವಿನೋದಾಳನ್ನು. “ಆ ಹೋಟೆಲ್ ಎಲ್ಲಿತ್ತು ವಿನೋದಾ?”

ವಿನೋದಾ ಎದ್ದು ಕಿಟಕಿಯ ಬಳಿ ಹೋಗಿ ಬಸ್ ನಿಲ್ದಾಣದ ಕಡೆ ಬೆರಳು ತೋರಿಸಿದಳು. “ಅಲ್ಲಿ ಸರ್. ಆ ಮೆಡಿಕಲ್ ಇರುವ ಜಾಗ. ಅಪ್ಪ ಇನ್ನೂ ಇದ್ದಾರೆ. ಬೇಕಾದರೆ ಕೇಳಬಹುದು.” ಅವಳ ಕಣ್ಣು ತುಂಬಿತು. ಅದು ಅಳುವಲ್ಲ, ಗೆದ್ದದ್ದು.

ಕೃಷ್ಣಕಿಶೋರನನ್ನು ಗುಣಪಾಲರು ಕಂಪನಿಯಿಂದ ತೆಗೆಯಲಿಲ್ಲ. ವಿನೋದಾಳ ಕೈಕೆಳಗೆ ಸಪೋರ್ಟ್ ತಂಡದಲ್ಲಿ ಆರು ತಿಂಗಳು ಫೋನು ಎತ್ತಲು ಹಾಕಿದರು. ಮಗ್ದಲೀನಳ ಪಕ್ಕದ ಕುರ್ಚಿ. ಒಂಬತ್ತು ಪುಟದ ಟಿಪ್ಪಣಿಯ ಮೊದಲ ಪುಟದಲ್ಲಿ ಅವನೇ ತನ್ನ ಹೆಸರು ಅಳಿಸಿ ಅವಳದ್ದು ಬರೆದು ಎಲ್ಲರಿಗೂ ಕಳಿಸಿದ. ಅದರ ಪ್ರತಿಯನ್ನು ಜಯಪಾಲ ಶೆಟ್ಟರು ಭೂತಗನ್ನಡಿ ಹಿಡಿದು ಓದಿದರು, ಕಾವಲಿಯ ಪುಟವನ್ನು ಎರಡು ಸಲ.

ಕುಸಿದು ಅತ್ತ ಆ ಹೆಂಗಸಿನ ಮನೆ ಹುಡುಕಿಕೊಂಡು ವಿನೋದಾ ಒಂದು ಭಾನುವಾರ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತು ಎಂದು ಅವಳು ಯಾರಿಗೂ ಹೇಳಿಲ್ಲ.

ಈ ಸಲದ ಆಯುಧ ಪೂಜೆಗೆ ಬೋರ್ಡಿಗೆ ಮತ್ತೆ ಹೂವು ಬಂತು. ಮಗ್ದಲೀನ್ ಇಗರ್ಜಿಗೆ ತಪ್ಪದೆ ಹೋಗುವವಳು, ಪಕ್ಕದ ಕುರ್ಚಿಯವನ ಜೋತುಬಿದ್ದ ಮುಖ ಅವಳಿಗೆ ನೋಡಲಾಗಲಿಲ್ಲ. ಹೂವಿನ ಜೊತೆ ಒಂದು ಚೀಟಿಯನ್ನೂ ಬರೆದು ‘ಬಾಕಿ’ ಸಾಲಿನಲ್ಲಿ ಅಂಟಿಸಿದಳು: ‘ಕಿಶೋರ್ ಸರ್‌ಗೆ ಕ್ಷಮೆ. ಮಾಡಬೇಕಾದವರು: ವಿನೋದಕ್ಕ.’

ವಿನೋದಾ ಅದನ್ನು ಓದಿದಳು. ಹರಿಯಲಿಲ್ಲ, ಮಗ್ದಲೀನಳ ಮೇಲೆ ಸಿಟ್ಟಾಗಲೂ ಇಲ್ಲ. ಚೀಟಿಯನ್ನು ಮೆಲ್ಲಗೆ ಬಿಡಿಸಿ ಸಾಲಿನ ಎಲ್ಲಕ್ಕಿಂತ ಕೆಳಗೆ ಅಂಟಿಸಿದಳು. ಆಮೇಲೆ ಎಷ್ಟೋ ಚೀಟಿಗಳು ಬಂದವು, ಹೋದವು. ಹೊಸದು ಬಂದಾಗಲೆಲ್ಲ ಅವಳು ಅದನ್ನು ಇನ್ನೊಂದು ಗೇಣು ಕೆಳಗಿಳಿಸುತ್ತಾಳೆ. ಅಂಟು ಬಿಟ್ಟರೆ ಟೇಪು ಹಚ್ಚುತ್ತಾಳೆ. ಕೃಷ್ಣಕಿಶೋರ್ ಫೋನು ಎತ್ತುತ್ತಾ ದಿನವೂ ಅದನ್ನು ನೋಡುತ್ತಾನೆ.

“ಇದು ಯಾವಾಗ ವಿನೋದಕ್ಕ?” ಎಂದು ಮಗ್ದಲೀನ್ ಮೊನ್ನೆಯೂ ಕೇಳಿದಳು.

“ಕೈಯಲ್ಲಿ ಮೂರೇ ಚೀಟಿ ಮಗ್ದಲೀನ್” ಎಂದಳು ವಿನೋದಾ. “ಸರದಿ ಬರಲಿ.”